ಅಣಬೆ ಕಟ್ಟಿದ ಗೋಡೆ

ಮಳೆಗಾಲದಲ್ಲಿ ನಮ್ಮ ಹಳೆಯ ಮನೆಯ ತೊಲೆಗಳ ಮೇಲೆ ಬಿಳಿಯ ಬೂಷ್ಟು ಕಾಣಿಸಿಕೊಂಡಿತೆಂದರೆ ನನ್ನ ಅಜ್ಜಿಗೆ ನಿದ್ದೆ ಬರುತ್ತಿರಲಿಲ್ಲ. ಮರಕ್ಕೆ ಅಣಬೆ ಹತ್ತಿದರೆ ಮನೆಗೆ ಆಯುಷ್ಯವಿಲ್ಲವೆಂಬುದು ಆಕೆಯ ಅನುಭವದ ಮಾತು. ಆ ಅಣಬೆಯಿಂದಲೇ ಗೋಡೆ ಕಟ್ಟಬಹುದೆಂದು ಮೊದಲ ಸಲ ಓದಿದಾಗ ನಾನು ನಕ್ಕೆನೆಂಬುದನ್ನು ಒಪ್ಪಿಕೊಳ್ಳಬೇಕು.

ನಾವು ಕಾಣುವ ಕೊಡೆಯಾಕಾರದ ಅಣಬೆ ಆ ಜೀವಿಯ ಫಲ ಮಾತ್ರ. ಅದರ ನಿಜವಾದ ಒಡಲು ಮಣ್ಣಿನೊಳಗೆ, ಮರದೊಳಗೆ ಹಬ್ಬಿಕೊಂಡ, ನೂಲಿಗಿಂತಲೂ ನವುರಾದ ಎಳೆಗಳ ಬಲೆ. ಶಾಸ್ತ್ರಜ್ಞರು ಅದನ್ನು ಮೈಸೀಲಿಯಂ ಎನ್ನುತ್ತಾರೆ. ಜೋಳದ ದಂಟಿನಂಥ ಕಸವನ್ನು ಕತ್ತರಿಸಿ, ಶುಚಿಗೊಳಿಸಿ, ತೇವ ಮಾಡಿ, ಈ ಎಳೆಗಳನ್ನು ಬೆರೆಸಿ ಅಚ್ಚಿನಲ್ಲಿ ತುಂಬಿಟ್ಟರೆ, ಅವು ದಂಟನ್ನು ಉಣ್ಣುತ್ತ ಉಣ್ಣುತ್ತ ಚೂರುಚೂರನ್ನೂ ಒಂದಕ್ಕೊಂದು ಹೊಲಿದುಬಿಡುತ್ತವೆ. ಕೆಲವೇ ದಿನಗಳಲ್ಲಿ ಅಚ್ಚಿನ ಆಕಾರದ ಹಗುರವಾದ ಇಟ್ಟಿಗೆ ಸಿದ್ಧ. ಬಳಿಕ ಬಿಸಿಯಲ್ಲಿ ಒಣಗಿಸಿದರೆ ಬೆಳವಣಿಗೆ ನಿಲ್ಲುತ್ತದೆ. ಇಟ್ಟಿಗೆಗೂಡಿನ ಆ ಉರಿ, ಆ ಹೊಗೆ ಇದಕ್ಕೆ ಬೇಡ.

2014ರ ಬೇಸಗೆಯಲ್ಲಿ ನ್ಯೂಯಾರ್ಕಿನ ಮೋಮಾ ಪಿ.ಎಸ್.1 ಕಲಾಕೇಂದ್ರದ ಅಂಗಳದಲ್ಲಿ ಇಂಥ ಸುಮಾರು 10,000 ಇಟ್ಟಿಗೆಗಳ ಗೋಪುರವೊಂದು ಎದ್ದಿತು. ಹೆಸರು ಹೈ-ಫೈ. ಎತ್ತರ ಸುಮಾರು 13 ಮೀಟರು. ರೂಪಿಸಿದವರು ವಾಸ್ತುಶಿಲ್ಪಿ ಡೇವಿಡ್ ಬೆಂಜಮಿನ್ ಅವರ ತಂಡ. ಇಟ್ಟಿಗೆ ಬೆಳೆಸುವ ವಿದ್ಯೆ ಒದಗಿಸಿದ್ದು ಎಬೆನ್ ಬೇಯರ್ ಮತ್ತು ಗ್ಯಾವಿನ್ ಮ್ಯಾಕಿಂಟೈರ್ 2007ರಲ್ಲಿ ಆರಂಭಿಸಿದ ಎಕೊವೇಟಿವ್ ಸಂಸ್ಥೆ. ಇಟ್ಟಿಗೆಯನ್ನು ‘ಬೆಳೆಸುವುದು’ ಎಂಬ ಮಾತಿಗೆ ನನ್ನ ಕಿವಿ ಇನ್ನೂ ಪೂರ್ತಿ ಒಗ್ಗಿಲ್ಲ.

ಇದರಿಂದ ನಗರಗಳನ್ನೇ ಕಟ್ಟುತ್ತೇವೆಂಬ ಉತ್ಸಾಹಿಗಳ ಮಾತನ್ನು ಮಾತ್ರ ನಾನು ನಂಬಲಾರೆ. ಸುಟ್ಟ ಇಟ್ಟಿಗೆಯ ಮುಂದೆ ಇದರ ಬಲ ತೀರ ಕಡಿಮೆ. ತಾರಸಿಯ ಭಾರವನ್ನು ಹೊರಲಾರದು. ನೀರು ಹೀರಿದರೆ ಇನ್ನಷ್ಟು ಸೊರಗುತ್ತದೆ. ನಮ್ಮ ಮಲೆನಾಡಿನ ಜಡಿಮಳೆಗೆ ಬಯಲಲ್ಲಿ ನಿಲ್ಲಿಸಿದರೆ ಅಜ್ಜಿಯ ಮಾತೇ ನಿಜವಾದೀತು. ಆದರೆ ಬಿಸಿಲ ಕಾವನ್ನು ಒಳಬಿಡದ, ಸದ್ದನ್ನು ನುಂಗಿಕೊಳ್ಳುವ ಒಳಹೊದಿಕೆಯಾಗಿ ಇದು ಯೋಗ್ಯವಾದ ವಸ್ತು. ಅಷ್ಟಾದರೂ ಸಣ್ಣ ಉಪಕಾರವಲ್ಲ.

ಆ ಗೋಪುರ ನಿಂತದ್ದು ಒಂದು ಬೇಸಗೆಯ ಮಟ್ಟಿಗೆ. ಅನಂತರ ಅದನ್ನು ಬಿಚ್ಚಿ, ಇಟ್ಟಿಗೆಗಳನ್ನು ಕೊಳೆಸಿ ಗೊಬ್ಬರ ಮಾಡಿದರು. ಇದನ್ನು ಓದಿದಾಗ ನನಗೆ ನಗು ಬರಲಿಲ್ಲ. ಅಜ್ಜಿಯ ಮನೆಯನ್ನು ಕೆಡವಿ ನಾವು ಕಟ್ಟಿಸಿದ ಕಾಂಕ್ರೀಟಿನ ಮನೆಯನ್ನೂ ಮೊನ್ನೆಮೊನ್ನೆ ಕೆಡವಬೇಕಾಯಿತು. ತೊಲೆಗಳು ಹಿತ್ತಲಲ್ಲಿ ಬಿದ್ದು ಎಂದೋ ಮಣ್ಣಾಗಿದ್ದವು. ಅಲ್ಲೀಗ ಬಾಳೆ ಬೆಳೆದಿದೆ. ಕಾಂಕ್ರೀಟಿನ ಹೆಂಟೆಗಳನ್ನು ಲಾರಿಯವನು ಎಲ್ಲಿ ಸುರಿದನೆಂದು ನಾನು ಕೇಳಿರಲಿಲ್ಲ. ಕೆರೆಯ ಅಂಚಿನಲ್ಲಿ ನಡೆಯುವಾಗ ನಮ್ಮ ಪಡಸಾಲೆಯ ಹಸಿರು ಬಣ್ಣದ ಚೂರೊಂದು ಕಾಲಿಗೆ ಸಿಕ್ಕಿತು.