ನಮ್ಮ ಸೀಮೆಯ ಮಾಯಾಲೋಕ
(ಸುವರ್ಣ ಮಹೋತ್ಸವದ ಸಾಹಿತ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಹೈಸ್ಕೂಲಿನ ವಯಸ್ಸು ನಡುಹೊಳೆಯ ವಯಸ್ಸು. ಕಾಗಕ್ಕ ಗುಬ್ಬಕ್ಕನ ಕಥೆ ಸಾಕೆನಿಸಿರುತ್ತದೆ, ದೊಡ್ಡವರ ಕಾದಂಬರಿ ಇನ್ನೂ ಹಿಡಿಸುವುದಿಲ್ಲ. ಈ ವಯಸ್ಸಿಗೆ ರುಚಿಸುವುದು ಅದ್ಭುತ ಕಥೆ. ಆದರೆ ಇಂದು ನೀವು ಅಂಥ ಕಥೆ ಬರೆಯಲು ಕುಳಿತರೆ ಟಿವಿ, ಮೊಬೈಲಿನಲ್ಲಿ ಕಂಡ ಡ್ರ್ಯಾಗನ್, ಹಿಮ ಬೀಳುವ ಕಾಡು ಮೊದಲು ಬರುತ್ತವೆ. ಬರಲಿ, ತಪ್ಪಿಲ್ಲ. ಆದರೆ ಎರೆಹೊಲದಲ್ಲಿ ಆಡಿ ಬೆಳೆದವರು ಹಿಮವನ್ನೇ ಏಕೆ ಹುಡುಕಬೇಕು?

1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಕೆ. ರಾಮಾನುಜನ್ ಅವರು ನಮ್ಮ ಅಜ್ಜಿಯರ ಬಾಯಿಂದ ಕಥೆ ಕೇಳಿ ಬರೆದುಕೊಂಡರು. ಅವರು ಇಂಗ್ಲಿಷಿಗೆ ಒಯ್ದ ಕನ್ನಡ ಕಥೆಗಳಲ್ಲಿ ಒಂದು, ಹೂವಿನ ಗಿಡವಾಗುವ ಹುಡುಗಿಯ ಕಥೆ. ಒಂದು ಕೊಡ ನೀರು ಸುರಿದರೆ ಆಕೆ ಗಿಡವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಅದೇ ಕಥೆಯನ್ನು ಆಧರಿಸಿದ ಸಂಗೀತ ನಾಟಕ 2006ರಲ್ಲಿ ವಿಯೆನ್ನಾದಲ್ಲಿ ರಂಗಕ್ಕೆ ಬಂತು. ಒಲೆಯ ಮುಂದೆ ಹೇಳಿದ ಕಥೆ ಎಲ್ಲಿಗೆ ಮುಟ್ಟಿತು ನೋಡಿ!

ಆ ಕಥೆಯಲ್ಲಿ ಒಂದು ಕಟ್ಟಳೆ ಇದೆ: ಹೂವನ್ನಷ್ಟೇ ಬಿಡಿಸಬೇಕು, ಎಲೆ ಟೊಂಗೆ ಮುರಿಯಬಾರದು. ನಾದಿನಿ ಅದನ್ನು ಮೀರಿದಳು. ಹುಡುಗಿ ಅತ್ತ ಗಿಡವೂ ಅಲ್ಲ, ಇತ್ತ ಮನುಷ್ಯಳೂ ಅಲ್ಲ ಎಂಬಂತಾದಳು. ಮಕ್ಕಳೇ, ಅದ್ಭುತ ಕಥೆಯ ಗುಟ್ಟು ಇಷ್ಟೇ. ಮಾಯೆಗೆ ಒಂದು ಕಟ್ಟಳೆ ಇರಬೇಕು, ಅದು ಮುರಿದರೆ ಯಾರಿಗಾದರೂ ನೋವಾಗಬೇಕು. ಏನು ಬೇಕಾದರೂ ಆಗಬಹುದಾದ ಕಥೆಯಲ್ಲಿ ಓದುಗನಿಗೆ ಅಂಜಿಕೆಯೂ ಇಲ್ಲ, ಆಸೆಯೂ ಇಲ್ಲ.

ಇನ್ನು ಸಾಮಗ್ರಿಗೆ ಏನು ಕೊರತೆ? ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಸವದತ್ತಿಯ ಹತ್ತಿರ ಗುಡ್ಡ ಸೀಳಿಕೊಂಡು ಹೋಗುತ್ತಾಳೆ. ಆ ಜಾಗದ ಹೆಸರು ನವಿಲುತೀರ್ಥ. ಗುಡ್ಡಕ್ಕೂ ನವಿಲಿಗೂ ಏನು ಮಾತಾಯಿತು? ಕಿತ್ತೂರಿನ ಪಾಳುಗೋಡೆಗಳು ರಾತ್ರಿ ಯಾರ ಹೆಸರು ಕರೆಯುತ್ತವೆ? ಸೊಗಲದ ಜಲಪಾತದ ಹಿಂದೆ, ರಾಮದುರ್ಗದ ಕಡೆಯ ಶಬರಿಕೊಳ್ಳದ ನೀರಿನಡಿ ಯಾವ ಬಾಗಿಲಿದೆ? ಘೋಡಗೇರಿಯ ಚಂದ್ರಶೇಖರ ಕಂಬಾರರು ತಮ್ಮೂರಿನ ನೆನಪಿನಿಂದ ಶಿವಾಪುರವೆಂಬ ಊರನ್ನೇ ಕಟ್ಟಿದರು. ನೀವೂ ಒಂದು ಊರು ಕಟ್ಟಿರಿ.

ಮನೆಯಲ್ಲಿ ಕೆಲವರು ಅಂದಾರು, “ಸುಳ್ಳು ಕಥಿ ಬರಕೋತ ಕುಂತ್ರ ಪರೀಕ್ಷಾ ಯಾರ ಬರೀತಾರ?” ತಂದೆತಾಯಿಗಳೇ, ಗಿಡವಾದ ಹುಡುಗಿಯ ಕಥೆ ಸುಳ್ಳೇ? ಗಂಡನ ಮನೆಯಲ್ಲಿ ಟೊಂಗೆ ಮುರಿಸಿಕೊಂಡ ಎಷ್ಟೋ ಹೆಣ್ಣುಮಕ್ಕಳು ನೇರ ಹೇಳಲಾಗದ್ದನ್ನು ಕಥೆಯ ಮರೆಯಲ್ಲಿ ಹೇಳಿಕೊಂಡರು. ಇಂದಿಗೂ ಹತ್ತನೆಯ ತರಗತಿ ಮುಗಿಯುವ ಮುನ್ನವೇ ಮದುವೆಯ ಮಾತು ಕೇಳುವ ಹುಡುಗಿ, ಸಾಲಿ ಬಿಡಿಸುತ್ತಾರೆಂದು ಹೆದರಿದ ಹುಡುಗ, ಅದನ್ನು ಕಥೆಯಲ್ಲಾದರೂ ಹೇಳಬಲ್ಲರು.

ಆದ್ದರಿಂದ ಗುರುಗಳಲ್ಲಿ ಒಂದು ವಿನಂತಿ. ವಾರಕ್ಕೊಂದು ಅವಧಿ ಕಥೆ ಓದಿಸಿರಿ. ಗೋಡೆಪತ್ರಿಕೆ, ಕೈಬರಹದ ಪತ್ರಿಕೆ ಮಾಡಿಸಿರಿ. ಮೊದಲು ಕಥೆ ಕೇಳಿರಿ, ಒತ್ತಕ್ಷರ ಆಮೇಲೆ ತಿದ್ದಿರಿ. ಒಪ್ಪಿಗೆ ಇಲ್ಲದೆ ಯಾರ ಕಥೆಯನ್ನೂ ಗೋಡೆಗೆ ಹಚ್ಚಬೇಡಿರಿ. ಕಥೆಯೊಳಗೆ ಮಗುವಿನ ಸಂಕಟ ಕಂಡರೆ ಎಲ್ಲರೆದುರು ಕೇಳದೆ ಒಬ್ಬರನ್ನೇ ಕರೆದು ಮಾತಾಡಿಸಿರಿ. ಗೆಳೆಯರೂ ಅಷ್ಟೇ, ಕೇಳುವಾಗ ನಗಬೇಡಿರಿ. ಹೂವು ಬಿಡಿಸಿಕೊಳ್ಳಿರಿ, ಟೊಂಗೆ ಮುರಿಯಬೇಡಿರಿ.

ಇವತ್ತು ಮನೆಗೆ ಹೋದ ಮೇಲೆ ಅಜ್ಜಿಯ ಹತ್ತಿರ ಒಂದು ಕಥೆ ಕೇಳಿ ಬರೆದಿಡಿರಿ. ಅದರ ಕೆಳಗೆ ಅವರ ಹೆಸರು, ಊರು ಬರೆಯಿರಿ. ಮುಂದಿನ ಪುಟದಲ್ಲಿ ನಿಮ್ಮ ಕಥೆ ಶುರು ಮಾಡಿರಿ.