ಸೆಪ್ಸಿಸ್: ಬೆಳಗಾಗಲಿ ಎಂದು ಕಾಯಬೇಡಿ



2012ರ ಡಿಸೆಂಬರ್ 16ರ ರಾತ್ರಿಯನ್ನು ದೆಹಲಿಯ ಹೆಣ್ಣುಮಕ್ಕಳು ಯಾರೂ ಮರೆತಿಲ್ಲ. ನಿರ್ಭಯಾ 13 ದಿನ ಸಾವಿನೊಡನೆ ಸೆಣಸಿದಳು. ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ಹಲವು ಶಸ್ತ್ರಚಿಕಿತ್ಸೆಗಳಾದವು. ಕೊನೆಗೆ ಡಿಸೆಂಬರ್ 29ರಂದು ಸಿಂಗಪುರದಲ್ಲಿ ಅಂಗಾಂಗಗಳು ಸೋತವು. ಆ ದಿನಗಳ ಸುದ್ದಿಯಲ್ಲಿ ಮತ್ತೆ ಮತ್ತೆ ಕೇಳಿಬಂದ ಪದ 'ಸೆಪ್ಸಿಸ್'.

ಹಾಗೆಂದರೇನು? ಪೆಟ್ಟು ತೀವ್ರವಾದಾಗ ಒಡೆದ ಜೀವಕೋಶಗಳಿಂದ ಮೈಟೊಕಾಂಡ್ರಿಯದ ಚೂರುಗಳು ರಕ್ತಕ್ಕೆ ಸೇರುತ್ತವೆ. ಮೈಟೊಕಾಂಡ್ರಿಯದ ಮೂಲ ಬ್ಯಾಕ್ಟೀರಿಯಾ. ಹಾಗಾಗಿ ರೋಗನಿರೋಧಕ ವ್ಯವಸ್ಥೆ ನಮ್ಮದೇ ಚೂರುಗಳನ್ನು ಹೊರಗಿನ ಶತ್ರುವೆಂದು ತಿಳಿದು, ಸೋಂಕಿಲ್ಲದೆಯೂ ಕೆರಳುತ್ತದೆ. ಜೊತೆಗೇ ದಣಿಯುತ್ತದೆ. ಆಗ ನಿಜವಾದ ಸೋಂಕು ಸುಲಭವಾಗಿ ನುಗ್ಗುತ್ತದೆ. ಆ ಸೋಂಕಿಗೆ ದೇಹ ಹದ ತಪ್ಪಿ ಪ್ರತಿಕ್ರಿಯಿಸಿ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುವುದು ಸೆಪ್ಸಿಸ್. ರಕ್ತನಾಳಗಳು ಸೋರುತ್ತವೆ, ಬಿಪಿ ಇಳಿಯುತ್ತದೆ, ಮೂತ್ರಪಿಂಡ, ಶ್ವಾಸಕೋಶ ಸೋಲುತ್ತವೆ.

ಇದಕ್ಕೆ ದೊಡ್ಡ ಗಾಯವೇ ಆಗಬೇಕಿಲ್ಲ. ಹೆರಿಗೆಯ ನಂತರದ ಸೋಂಕು, ಮೂತ್ರದ ಸೋಂಕು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು ಸಾಕು. 2017ರಲ್ಲಿ ಭಾರತದಲ್ಲಿ ಸುಮಾರು 29 ಲಕ್ಷ ಜನ ಸೆಪ್ಸಿಸ್‌ನಿಂದ ಸತ್ತರೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಅಂದಾಜು.

ಸೋಂಕಿದ್ದಾಗ ಚಳಿಜ್ವರ ಅಥವಾ ಮೈ ತಣ್ಣಗಾಗುವುದು, ಏದುಸಿರು, ತೊದಲು ಮಾತು, ಗೊಂದಲ, ಮೂತ್ರ ಕಡಿಮೆಯಾಗುವುದು ಕಂಡರೆ ತಡಮಾಡಬೇಡಿ. 'ಮಕ್ಕಳ ಪರೀಕ್ಷೆ ಮುಗಿಯಲಿ, ಮನೆಗೆ ಬಂದವರು ಹೋಗಲಿ' ಎಂದು ನೋವನ್ನು ಮುಂದೂಡುವವರು ನಾವು. ಸೆಪ್ಸಿಸ್ ಅಷ್ಟು ಸಮಯ ಕೊಡುವುದಿಲ್ಲ. ಎಮರ್ಜೆನ್ಸಿಗೆ ಹೋಗಿ, 'ಇದು ಸೆಪ್ಸಿಸ್ ಇರಬಹುದೇ ಡಾಕ್ಟ್ರೇ?' ಎಂದು ಕೇಳಿ. ಆ ಒಂದು ಪ್ರಶ್ನೆ ಜೀವ ಉಳಿಸಬಹುದು.