ಪ್ರಶಸ್ತಿ ಯಾರಿಗೆ ಎಂಬುದಕ್ಕಿಂತ ಮೊದಲು ಯಾತಕ್ಕೆ ಎಂದು ಕೇಳೋಣ

(ಪಟ್ಟಣದ ವರ್ತಕರ ವಾರ್ಷಿಕ ಸಭೆಯಲ್ಲಿ, ಸ್ಥಳೀಯ ಉದ್ಯಮಿಗಳಿಗೆ ಪ್ರಶಸ್ತಿ ನೀಡುವ ಪ್ರಸ್ತಾಪದ ಕುರಿತು ಮಾಡಿದ ಭಾಷಣದ ಲಿಖಿತ ರೂಪ)



ಮುಂದಿನ ವರ್ಷದಿಂದ ಊರಿನ ಉದ್ಯಮಿಗಳಿಗೆ ಪ್ರಶಸ್ತಿ ನೀಡಬೇಕೆಂಬ ಪ್ರಸ್ತಾಪ ಈ ಸಭೆಯ ಮುಂದಿದೆ. ಕರಡು ಪಟ್ಟಿಯಲ್ಲಿ ನಾಲ್ಕು ವಿಭಾಗಗಳಿವೆ: ವರ್ಷದ ಶ್ರೇಷ್ಠ ಉದ್ಯಮಿ, ಶ್ರೇಷ್ಠ ಸಣ್ಣ ಉದ್ದಿಮೆ, ಶ್ರೇಷ್ಠ ಮಹಿಳಾ ಉದ್ಯಮಿ, ಶ್ರೇಷ್ಠ ಯುವ ಉದ್ಯಮಿ. ಪ್ರಸ್ತಾಪವನ್ನು ನಾವು ಸ್ವಾಗತಿಸುತ್ತೇವೆ. ಆದರೆ ಈ ಪಟ್ಟಿಗೆ ಇಂದೇ ಅಂಗೀಕಾರ ನೀಡಬಾರದೆಂದು ವಿನಂತಿಸುತ್ತೇವೆ.

ಇಂದು ಪ್ರಶಸ್ತಿಗಳಿಗೆ ಬರಗಾಲವಿಲ್ಲ. ನಮ್ಮ ಪರಿಚಯದ ಬೇಕರಿ ಮಾಲಕರೊಬ್ಬರಿಗೆ ಒಮ್ಮೆ ದೂರದ ನಗರದಿಂದ ಪತ್ರ ಬಂತು. ಅವರು ಅರ್ಜಿ ಹಾಕಿರಲಿಲ್ಲ, ಅವರ ಬ್ರೆಡ್ಡಿನ ರುಚಿಯನ್ನು ಕಳುಹಿಸಿದವರು ನೋಡಿರಲೂ ಇಲ್ಲ. ಆದರೂ ಅವರು ಶ್ರೇಷ್ಠ ಉದ್ಯಮಿಯಾಗಿ ಆಯ್ಕೆಯಾಗಿದ್ದರು! ಸಮಾರಂಭದ ಆಸನಕ್ಕೆ ಇಷ್ಟು, ಸ್ಮರಣ ಸಂಚಿಕೆಯ ಜಾಹೀರಾತಿಗೆ ಇಷ್ಟು ಎಂದು ಪತ್ರದ ಕೆಳಭಾಗದಲ್ಲಿ ದರಪಟ್ಟಿಯಿತ್ತು. ಪುಣ್ಯವಶಾತ್ ಅವರು ಆ ಹಣದಲ್ಲಿ ಹೊಸ ಟ್ರೇಗಳನ್ನು ಕೊಂಡರು. ಇಂತಹ ವ್ಯಾಪಾರಕ್ಕೂ ನಮ್ಮ ಪ್ರಶಸ್ತಿಗೂ ಇರಬೇಕಾದ ವ್ಯತ್ಯಾಸ ಎಲ್ಲಿದೆ? ಅದು ಫಲಕದ ತೂಕದಲ್ಲಾಗಲಿ, ಮುಖ್ಯ ಅತಿಥಿಯ ಹೆಸರಿನಲ್ಲಾಗಲಿ ಇಲ್ಲ. ವಿಭಾಗಗಳಲ್ಲಿ, ಅವು ಕೇಳುವ ಪ್ರಶ್ನೆಗಳಲ್ಲಿ ಇದೆ.

ವಿಭಾಗವೆಂಬುದು ಜರಡಿಯಿದ್ದಂತೆ. ಅದರ ಕಣ್ಣು ಎಷ್ಟು ಅಗಲವೋ ಅದಕ್ಕೆ ತಕ್ಕಂತೆ ಕೆಲವರು ಉಳಿಯುತ್ತಾರೆ, ಕೆಲವರು ಜಾರಿ ಹೋಗುತ್ತಾರೆ. ಮಂಗಳೂರಿನಲ್ಲಿ ಕಿತ್ತಳೆ ಹಣ್ಣು ಮಾರುತ್ತಾ, ಅದೇ ಸಂಪಾದನೆಯಿಂದ ಹರೇಕಳದ ನ್ಯೂಪಡ್ಪುವಿನಲ್ಲಿ ಶಾಲೆ ಎಬ್ಬಿಸಿದ ಹರೇಕಳ ಹಾಜಬ್ಬರಿಗೆ 2020ರ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳ ಕೈಯಿಂದ ಅವರು ಅದನ್ನು ಸ್ವೀಕರಿಸಿದರು. ಅವರ ಹೆಸರಿದ್ದುದು ಸಮಾಜಸೇವೆಯ ವಿಭಾಗದಲ್ಲಿ. ಬೀದರಿನ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರು 2023ರಲ್ಲಿ ಪದ್ಮಶ್ರೀ ಪಡೆದುದು ಕಲಾ ವಿಭಾಗದಲ್ಲಿ. ಅದೇ ಪದ್ಮ ಪುರಸ್ಕಾರಗಳಲ್ಲಿ ವಾಣಿಜ್ಯ ಮತ್ತು ಉದ್ಯಮ ಎಂಬ ಪ್ರತ್ಯೇಕ ವಿಭಾಗವಿದೆ. ಇದು ಆಕ್ಷೇಪವಲ್ಲ, ಇಬ್ಬರಿಗೂ ಸಂದ ಗೌರವ ಯಥೋಚಿತವೇ. ಆದರೆ ಈ ಪಟ್ಟಣದಲ್ಲಿ ಬುಟ್ಟಿ ಹೊತ್ತು ಹಣ್ಣು ಮಾರುವವನೊಬ್ಬ ಅಥವಾ ಲೋಹದ ಮೇಲೆ ಬೆಳ್ಳಿಯ ಕುಸುರಿ ಕೂರಿಸುವವನೊಬ್ಬ ಇದ್ದರೆ, ನಮ್ಮ ನಾಲ್ಕು ವಿಭಾಗಗಳಲ್ಲಿ ಅವನಿಗೆ ಸ್ಥಾನವೆಲ್ಲಿ?

‘ಸಣ್ಣ ಉದ್ದಿಮೆ’ಯಲ್ಲಿ ಸ್ಥಾನವಿದೆಯಲ್ಲ ಎಂದು ಕೆಲವರು ಹೇಳಬಹುದು. ಸಣ್ಣದು ಎಂದರೆ ಎಷ್ಟು? 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ಸರಕಾರದ ವ್ಯಾಖ್ಯೆಯ ಪ್ರಕಾರ, ಯಂತ್ರೋಪಕರಣಗಳಲ್ಲಿ 2.5 ಕೋಟಿ ರೂಪಾಯಿಯವರೆಗೆ ಹೂಡಿಕೆ ಮತ್ತು 10 ಕೋಟಿಯವರೆಗೆ ವಾರ್ಷಿಕ ವಹಿವಾಟು ಇರುವುದು ‘ಸೂಕ್ಷ್ಮ’ ಉದ್ದಿಮೆ. 100 ಕೋಟಿ ವಹಿವಾಟಿನವರೆಗೂ ‘ಸಣ್ಣ’ ಉದ್ದಿಮೆಯೇ. ಸಾಲ, ಸಬ್ಸಿಡಿಗಳಿಗೆ ಈ ಅಳತೆ ಸರಿಯಿರಬಹುದು. ಅದನ್ನೇ ಇಲ್ಲಿ ಅನುಸರಿಸಿದರೆ ಮುಖ್ಯರಸ್ತೆಯ ಬಟ್ಟೆ ಶೋರೂಮೂ ಬಸ್ ನಿಲ್ದಾಣದ ಚಹಾ ಗಾಡಿಯೂ ಒಂದೇ ಪಂದ್ಯದಲ್ಲಿ ಓಡಬೇಕಾಗುತ್ತದೆ. ಫಲಿತಾಂಶವನ್ನು ಈಗಲೇ ಮುದ್ರಿಸಿಡಬಹುದು. ಆದ್ದರಿಂದ ವಹಿವಾಟಿನ ಬದಲು ದುಡಿಯುವ ಕೈಗಳ ಸಂಖ್ಯೆಯನ್ನು ಅಳತೆಗೋಲಾಗಿಸೋಣ. ಒಬ್ಬರೇ ಅಥವಾ ಕುಟುಂಬದವರೇ ನಡೆಸುವುದು ಒಂದು ವಿಭಾಗ. ಸಂಬಳದ ನೌಕರರಿರುವುದು ಇನ್ನೊಂದು.

ಮಹಿಳಾ ವಿಭಾಗದ ಬಗೆಗೂ ಒಂದು ಮಾತು. ಹೊಲಿಗೆ, ರೊಟ್ಟಿ, ಉಪ್ಪಿನಕಾಯಿ, ಟ್ಯೂಷನ್‌ಗಳಿಂದ ಮನೆ ನಡೆಸುವ ಸಹೋದರಿಯರು ನಮ್ಮ ಬೀದಿಬೀದಿಗಳಲ್ಲಿದ್ದಾರೆ. ಅವರಲ್ಲಿ ಅನೇಕರಿಗೆ ಬೋರ್ಡಿಲ್ಲ, ಪರವಾನಿಗೆಯಿಲ್ಲ. ಇನ್ನೊಂದೆಡೆ, ಪರವಾನಿಗೆಯಲ್ಲಿ ಪತ್ನಿಯ ಹೆಸರಿದ್ದು ಗಲ್ಲಾದ ಕೀಲಿ ಪತಿಯ ಕಿಸೆಯಲ್ಲಿರುವ ಅಂಗಡಿಗಳೂ ಇವೆ. (ನಗು ಬೇಡ, ನಾವು ಯಾರನ್ನೂ ನೋಡಿ ಹೇಳುತ್ತಿಲ್ಲ.) ಬ್ಯಾಂಕ್ ಖಾತೆ ಯಾರದು, ಬೆಲೆ ನಿರ್ಧರಿಸುವವರು ಯಾರು, ಲಾಭ ಯಾರ ಕೈ ಸೇರುತ್ತದೆ ಎಂಬ ಮೂರು ಪ್ರಶ್ನೆಗಳಿಲ್ಲದೆ ಈ ವಿಭಾಗ ಅರ್ಥಹೀನವಾದೀತು.

ಅಮೆರಿಕದಲ್ಲಿ 1987ರಲ್ಲಿ ಕಾನೂನಿನ ಮೂಲಕವೇ ಸ್ಥಾಪನೆಯಾದ ಬಾಲ್ಡ್ರಿಜ್ ಗುಣಮಟ್ಟ ಪ್ರಶಸ್ತಿಯಿಂದ ನಾವು ಕಲಿಯಬೇಕಾದುದಿದೆ. ಆರಂಭದಲ್ಲಿ ಅದಕ್ಕಿದ್ದುದು ಮೂರೇ ವಿಭಾಗ: ಉತ್ಪಾದನೆ, ಸೇವೆ, ಸಣ್ಣ ಉದ್ದಿಮೆ. ಅರ್ಜಿಗೆ ಒಟ್ಟು 1000 ಅಂಕಗಳ ಪರೀಕ್ಷೆ. 1990ರಲ್ಲಿ ಸಣ್ಣ ಉದ್ದಿಮೆ ವಿಭಾಗದಲ್ಲಿ ಗೆದ್ದ ಹ್ಯೂಸ್ಟನ್ ನಗರದ ವಾಲೆಸ್ ಎಂಬ ಪೈಪು ವ್ಯಾಪಾರದ ಕಂಪೆನಿ, 1992ರಲ್ಲಿ ದಿವಾಳಿ ಕಾನೂನಿನ ರಕ್ಷಣೆ ಕೋರಿ ನ್ಯಾಯಾಲಯದ ಬಾಗಿಲು ತಟ್ಟಿತು. ಪ್ರಶಸ್ತಿಯ ವಿಮರ್ಶಕರು ಅದನ್ನು ಚೆನ್ನಾಗಿಯೇ ಬಳಸಿಕೊಂಡರು. 1997ರ ಪರಿಷ್ಕರಣೆಯಲ್ಲಿ 450 ಅಂಕಗಳನ್ನು ಫಲಿತಾಂಶಗಳಿಗೆ ಮೀಸಲಿಡಲಾಯಿತು. ಅದರಲ್ಲಿ ಹಣಕಾಸು ಮಾತ್ರವಲ್ಲ, ಗ್ರಾಹಕರ ತೃಪ್ತಿ, ನೌಕರರ ಸ್ಥಿತಿಗತಿಯೂ ಸೇರಿತ್ತು. ತನ್ನ ಅಳತೆಗೋಲನ್ನೇ ತಿದ್ದಿಕೊಳ್ಳುವ ಧೈರ್ಯ ಪ್ರಶಸ್ತಿ ಕೊಡುವವರಿಗೂ ಬೇಕು. ಆ ವ್ಯವಸ್ಥೆಯಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾದುದು ಬೇರೊಂದು ಅಂಶ. ಅರ್ಜಿ ಹಾಕಿದ ಪ್ರತಿಯೊಬ್ಬರಿಗೂ, ಸೋತವರಿಗೂ, ಎಲ್ಲಿ ಚೆನ್ನಾಗಿದೆ, ಎಲ್ಲಿ ಕೊರತೆಯಿದೆ ಎಂಬ ಲಿಖಿತ ವರದಿ ತಲಪುತ್ತದೆ. ಒಬ್ಬನಿಗೆ ಶಾಲು, ಇಪ್ಪತ್ತು ಮಂದಿಗೆ ಚಪ್ಪಾಳೆ ತಟ್ಟುವ ಕೆಲಸ ಎಂಬ ನಮ್ಮ ಪದ್ಧತಿಗೆ ಇದನ್ನು ಹೋಲಿಸಿ ನೋಡಿ.

ಆದ್ದರಿಂದ ಅರ್ಜಿ ನಮೂನೆಯಲ್ಲಿ ವಹಿವಾಟಿನ ಅಂಕಣಕ್ಕಿಂತ ಮೊದಲು ಕೆಲವು ವಿಷಯಗಳು ಬರಲಿ. ನೌಕರರಿಗೆ ಸಂಬಳ ಯಾವ ತಾರೀಕಿಗೆ ಸಿಗುತ್ತದೆ? ವಾರದ ರಜೆ ಇದೆಯೇ? ಅಂಗಡಿಯಲ್ಲಿ ಶಾಲೆ ಬಿಟ್ಟ ಮಗು ದುಡಿಯುತ್ತಿದೆಯೇ? ಸಣ್ಣ ಉತ್ಪಾದಕರಿಗೆ ಬಾಕಿ ಎಷ್ಟು ದಿನದಿಂದ ಉಳಿದಿದೆ? 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯಿದೆಯಂತೆ ಲಿಖಿತ ಒಪ್ಪಂದವಿದ್ದರೂ ಆ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಆದರೆ ಉಪ್ಪಿನಕಾಯಿ ಬಾಟಲಿ ತಂದುಕೊಟ್ಟ ಮಹಿಳೆ ಹಬ್ಬದಿಂದ ಹಬ್ಬಕ್ಕೆ ಅಲೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಗೆ ಅಲೆಸಿದವರಿಗೆ ಅದೇ ಮಹಿಳೆಯ ಕಣ್ಣೆದುರು ಶಾಲು ಹೊದೆಸಿದರೆ ಆಕೆ ನಮ್ಮ ಬಗ್ಗೆ ಏನೆಂದು ಭಾವಿಸಿಯಾಳು? ಆದ್ದರಿಂದ ಉತ್ತರಗಳನ್ನು ಮಾಲಕರಿಂದ ಮಾತ್ರವಲ್ಲ, ನೌಕರರಿಂದಲೂ ಪೂರೈಕೆದಾರರಿಂದಲೂ ಪಡೆಯಬೇಕು.

ತೀರ್ಪುಗಾರರಲ್ಲಿ ಇಬ್ಬರಾದರೂ ಹೊರ ಊರಿನವರಿರಲಿ. ಸಮಾರಂಭಕ್ಕೆ ದೇಣಿಗೆ ನೀಡಿದವರು ಆ ವರ್ಷ ಅರ್ಜಿ ಹಾಕದಿರಲಿ. ಇದು ಕೆಲವರಿಗೆ ಕಹಿಯಾದೀತು, ಸಮಾರಂಭ ಸ್ವಲ್ಪ ಬಡವಾದೀತು. ಊಟದ ಬದಲು ಚಹಾ ಸಾಕು.

ಕೊನೆಯದಾಗಿ, ಅರ್ಹರು ಸಿಗದಿದ್ದರೇನು ಎಂದು ಕಾರ್ಯದರ್ಶಿಗಳು ಆಗಲೇ ಕೇಳಿದರು. ಬಾಲ್ಡ್ರಿಜ್ ಪ್ರಶಸ್ತಿಯ ಸೇವಾ ವಿಭಾಗದಲ್ಲಿ 1988ರಲ್ಲಿ ಯಾರಿಗೂ ಪ್ರಶಸ್ತಿ ಬರಲಿಲ್ಲ, 1989ರಲ್ಲೂ ಬರಲಿಲ್ಲ. ಆ ವಿಭಾಗದ ಮೊದಲ ವಿಜೇತರು ಸಿಕ್ಕಿದ್ದು 1990ರಲ್ಲಿ. ನಮ್ಮಲ್ಲೂ ಅಂಥ ವರ್ಷ ಬಂದರೆ ಆ ವಿಭಾಗವನ್ನು ಖಾಲಿ ಬಿಟ್ಟು, ಖಾಲಿ ಬಿಟ್ಟಿದ್ದೇವೆಂದು ವೇದಿಕೆಯಿಂದಲೇ ಘೋಷಿಸೋಣ.